ನೀರು ಬಿದ್ದೊಡನೆ ಬಂಡೆ ಹಸಿರಾಯಿತು!

ಕೊರಟಗೆರೆ ಸೀಮೆಯ ಚನ್ನರಾಯನದುರ್ಗದ ಕೋಟೆಗೆ ಏರುವ ಹಾದಿ. ನೆತ್ತಿ ಸುಡುವ ಬಿಸಿಲು. ಹಾಸುಬಂಡೆಯ ಮೇಲೆ ಬೂದಿಬಣ್ಣದ ಒರಟು ಚಾಪೆಯಂಥದೊಂದು ಹರಡಿಕೊಂಡಿತ್ತು. ಒಣಗಿದ ಪಾಚಿಯೆಂದು ಎಲ್ಲರೂ ತುಳಿದುಕೊಂಡೇ ಹೋಗುತ್ತಾರೆ. ಬಾಟಲಿಯ ನೀರನ್ನು ಅದರ ಮೇಲೆ ಚಿಮುಕಿಸಿ ಪಕ್ಕದಲ್ಲೇ ಕೂತೆ. ಸ್ವಲ್ಪ ಹೊತ್ತಿಗೆಲ್ಲ ಮುದುಡಿದ್ದ ಎಲೆಗಳು ಬಿಡಿಸಿಕೊಳ್ಳತೊಡಗಿದವು. ಸತ್ತೇ ಹೋಗಿದೆ ಅಂದುಕೊಂಡಿದ್ದುದರೊಳಗಿಂದ ಹಸಿರು ಎದ್ದು ಬಂತು!

ಪಾಚಿಗೆ ನಿಜವಾದ ಬೇರಿಲ್ಲ. ಇದಕ್ಕೆ ಬೇರಿದೆ, ನೀರು ಸಾಗಿಸುವ ನಾಳಗಳೂ ಇವೆ. ಇದು ಸೆಲಜಿನೆಲ್ಲ. ಇದರ ವಂಶ ಜರೀಗಿಡಗಳ ವಂಶದಿಂದ ಕವಲೊಡೆದು ಸುಮಾರು 40 ಕೋಟಿ ವರ್ಷಗಳಾದವು. ಭೂಮಿಯ ಮೇಲೆ ಆಗಿನ್ನೂ ಒಂದೇ ಒಂದು ಹೂವು ಅರಳಿರಲಿಲ್ಲ! ರಾಮನಗರದಿಂದ ಮಧುಗಿರಿ, ಪಾವಗಡದತ್ತ ಹಬ್ಬಿರುವ ಈ ಕ್ಲೋಸ್‌ಪೇಟೆ ಗ್ರಾನೈಟ್‌ಗಾದರೋ ಸುಮಾರು 250 ಕೋಟಿ ವರ್ಷ. ಅಷ್ಟು ಹಳೆಯ ಕಲ್ಲಿನ ಮೇಲೆ ಇಷ್ಟು ಹಳೆಯ ಕುಲ!

ಆದರೆ ಯಾವ ಸೆಲಜಿನೆಲ್ಲ? ಜಗತ್ತಿನಲ್ಲಿ 700ಕ್ಕೂ ಹೆಚ್ಚು ಪ್ರಭೇದಗಳಿವೆ. ಮೊದಲು ನೆನಪಾದದ್ದು ಸೆಲಜಿನೆಲ್ಲ ಬ್ರಯೋಪ್ಟೆರಿಸ್. ಸಂಜೀವಿನಿಯೆಂದು ಜಾತ್ರೆ, ಸಂತೆಗಳಲ್ಲಿ ಮಾರುವುದು ಅದನ್ನೇ. ಕಾದಂಬರಿಕಾರರೂ ಆದ ವಿಜ್ಞಾನಿ ಕೆ.ಎನ್. ಗಣೇಶಯ್ಯ ಮತ್ತು ಸಂಗಡಿಗರು 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ರಾಮಾಯಣದ ಸಂಜೀವಿನಿ ಯಾವುದಿರಬಹುದೆಂದು ಹುಡುಕಿದಾಗ, ಕೊನೆಯವರೆಗೂ ಕಣದಲ್ಲಿ ಉಳಿದ ಗಿಡಗಳಲ್ಲಿ ಅದೂ ಒಂದು.

ಕೈಮಸೂರ ಹಿಡಿದು ಬಂಡೆಗೆ ಮುಖವಿಟ್ಟೆ. ಬ್ರಯೋಪ್ಟೆರಿಸ್ ಪೊದೆಯಾಗಿ ಎದ್ದು ನಿಲ್ಲುತ್ತದೆ, ಅದರ ಎಲೆಗಳಲ್ಲಿ ದೊಡ್ಡವು, ಚಿಕ್ಕವು ಎಂದು ಎರಡು ಅಳತೆ. ಇಲ್ಲಿಯ ಕಾಂಡ ಕಲ್ಲಿಗಂಟಿ ತೆವಳುತ್ತಿದೆ. ಎಲೆಗಳೆಲ್ಲ ಒಂದೇ ಅಳತೆಯವು, ಕಾಂಡದ ಸುತ್ತಲೂ ಒತ್ತೊತ್ತಾಗಿ ಜೋಡಿಸಿಕೊಂಡಿವೆ. ಒಂದೊಂದು ಎಲೆಯ ತುದಿಯಲ್ಲೂ ಒಂದೊಂದು ಬಿಳಿ ಬಿರುಗೂದಲು! ಒಣಗಿದಾಗ ಎಲೆಗಳು ಕಾಂಡಕ್ಕೆ ಅಪ್ಪಿಕೊಂಡು ಈ ಕೂದಲಷ್ಟೇ ಮೇಲೆ ಕಾಣುವುದರಿಂದ ಆ ಬೂದಿಬಣ್ಣ. ಕವಲಿನ ತುದಿಗಳಲ್ಲಿ ನಾಲ್ಕು ಮೂಲೆಯ ಪುಟ್ಟ ತೆನೆಗಳು. ಅನುಮಾನ ಹರಿಯಿತು: ಇದು ಸೆಲಜಿನೆಲ್ಲ ವೈಟಿಯೈ. ಮದರಾಸು ಪ್ರಾಂತ್ಯದಲ್ಲಿ ವೈದ್ಯನಾಗಿದ್ದು ದಕ್ಷಿಣ ಭಾರತದ ಸಸ್ಯಗಳ ಬೆನ್ನುಬಿದ್ದ ಸ್ಕಾಟ್ಲೆಂಡಿನ ರಾಬರ್ಟ್ ವೈಟ್ (1796–1872) ಹೆಸರು ಹೊತ್ತದ್ದು.

ಆ ತೆನೆಯೊಳಗೆ ಇನ್ನೊಂದು ಸೋಜಿಗ. ಹೆಣ್ಣು ಬೀಜಕಗಳು ದೊಡ್ಡವು, ಬೆರಳೆಣಿಕೆಯವು; ಗಂಡು ಬೀಜಕಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು, ಲೆಕ್ಕವಿಲ್ಲದಷ್ಟು. ಬೀಜ ಬಿಡುವ ಗಿಡಗಳ ಪೂರ್ವಜರು ಇದೇ ಉಪಾಯವನ್ನು ಬೇರೆಯಾಗಿ ಕಂಡುಕೊಂಡರು.

ಇದರ ನೆಂಟರು ಎಲ್ಲಿದ್ದಾರೆ ಗೊತ್ತೇ? ಬಿರುಗೂದಲಿನ ಎಲೆಯ ಈ ಬಳಗದಲ್ಲಿ ಬಹುಪಾಲು ಅಮೆರಿಕ ಖಂಡದವು. ಆಫ್ರಿಕಾದಲ್ಲಿ, ಏಷ್ಯಾದಲ್ಲಿ ಕೆಲವೇ ಕೆಲವು. ಮೆಕ್ಸಿಕೋ, ಅರಿಜೋನಗಳ ಒಣ ಬಂಡೆಗಳ ಮೇಲಿನ ದಾಯಾದಿಗಳೂ ಕೊರಟಗೆರೆ ಸೀಮೆಯ ಈ ಗಿಡದಂತೆಯೇ ಈಗಲೂ ಮುದುಡಿಕೊಂಡು ಮಳೆ ಕಾಯುತ್ತಿವೆ!