ಬಳಸಿದ ವಿದ್ಯುತ್ ಕಾರಿನ ಉಳಿದ ಆಯಸ್ಸು

ಕಡೂರು, ತರೀಕೆರೆ, ಅಜ್ಜಂಪುರಗಳ ನಡುವೆ ಓಡಾಡಲು ಬಳಸಿದ ವಿದ್ಯುತ್ ಕಾರನ್ನು ಕೊಳ್ಳಬೇಕೆಂದಿರುವ ಸಂಸಾರವು ಮೊದಲು ವಿಚಾರಿಸಬೇಕಾದುದು ಬ್ಯಾಟರಿಯ ಸ್ಥಿತಿಯನ್ನು. ಲಿಥಿಯಂ ಬ್ಯಾಟರಿಯು ಕಾರು ಓಡಿದಾಗ ಮಾತ್ರವಲ್ಲದೆ, ಸುಮ್ಮನೆ ನಿಂತಿದ್ದಾಗಲೂ ಒಳಗಣ ರಾಸಾಯನಿಕ ಕ್ರಿಯೆಗಳಿಂದ ಕ್ಷೀಣಿಸುತ್ತದೆ. ಬಿಸಿಲಿನ ತಾಪವು ಇದನ್ನು ತ್ವರಿತಗೊಳಿಸುತ್ತದೆ.

2020ರಲ್ಲಿ ಮಾರಾಟಕ್ಕೆ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮನೆಯ ಮೀಟರಿನ ಲೆಕ್ಕದಲ್ಲಿ ಅದರ ಹೊಸ ಬ್ಯಾಟರಿಯ ಸಾಮರ್ಥ್ಯ 30.2 ಯೂನಿಟ್. ಐದನೆಯ ಒಂದು ಪಾಲು ನಷ್ಟವಾಗಿದೆಯೆಂದು ಭಾವಿಸಿದರೆ ಉಳಿಯುವುದು 24 ಯೂನಿಟ್. ಯೂನಿಟ್ಟಿಗೆ 6 ಕಿಲೋಮೀಟರಿನಂತೆ 144 ಕಿಲೋಮೀಟರ್. ನಿತ್ಯದ ಓಡಾಟಕ್ಕೆ ಇದು ಧಾರಾಳ. ನಡುವೆ ನಿಲ್ಲದೆ ಬೆಂಗಳೂರಿಗೆ ಹೋಗಲು ಸಾಲದು.

ಬೆಟ್ಟದ ಲೆಕ್ಕವೇ ಬೇರೆ. ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಏರುವಾಗ 1,500 ಕಿಲೋಗ್ರಾಂ ಭಾರವನ್ನು ಸುಮಾರು 700 ಮೀಟರ್ ಎತ್ತರಕ್ಕೆ ಒಯ್ಯಬೇಕು. ಇದಕ್ಕೇ ಸುಮಾರು 3 ಯೂನಿಟ್ ಹೆಚ್ಚಾಗಿ ಬೇಕು. ಇಳಿಯುವಾಗ ಮೋಟಾರು ಡೈನಮೋವಿನಂತೆ ವರ್ತಿಸಿ ಅದರಲ್ಲೊಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ.

ಪರೀಕ್ಷಿಸುವ ಬಗೆ ಸುಲಭ. ಬ್ಯಾಟರಿಯನ್ನು ಪೂರ್ಣವಾಗಿ ತುಂಬಿಸಿ, ಬೀರೂರಿನ ಮಾರ್ಗವಾಗಿ ಕಡೂರಿನಿಂದ ತರೀಕೆರೆಗೆ ಹೋಗಿಬನ್ನಿ. ಓಡಿದ ದೂರವನ್ನೂ ಶೇಕಡ ಎಷ್ಟು ಇಳಿಯಿತೆಂಬುದನ್ನೂ ಬರೆದುಕೊಳ್ಳಿ. 60 ಕಿಲೋಮೀಟರಿಗೆ ಅರ್ಧ ಇಳಿದರೆ ಒಟ್ಟು ಓಟ 120 ಎಂದು ತ್ರೈರಾಶಿಯೇ ಹೇಳುತ್ತದೆ. ಮಾರುವವನ ಮಾತಿಗಿಂತ ಈ ಲೆಕ್ಕವನ್ನು ನಾವು ಹೆಚ್ಚು ನಂಬಬಹುದು.