ಸೊನ್ನೆಯೇ, ಖಾಲಿಯೇ? ತೋಟದ ಸೆನ್ಸರ್ ಲೆಕ್ಕ ಕೊಡದಿದ್ದಾಗ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿವೆ. ಇಲ್ಲಿನ ಶೇಂಗಾ ಮಳೆಯನ್ನು ನಂಬಿದ ಬೆಳೆ. ದಾಳಿಂಬೆ ಕೊಳವೆ ಬಾವಿಯನ್ನು ನಂಬಿದ ಬೆಳೆ. ಕೊಳವೆ ಬಾವಿಯ ನೀರು ಎಷ್ಟು ದುಬಾರಿ ಎಂಬುದನ್ನು ಈ ಭಾಗದ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಆದ್ದರಿಂದಲೇ ಹನಿ ನೀರಾವರಿಯ ಜೊತೆಗೆ ಮಣ್ಣಿನ ತೇವ, ಪೈಪಿನ ಒತ್ತಡ, ಬಾವಿಯ ನೀರಿನ ಮಟ್ಟ ಇವುಗಳನ್ನು ಅಳೆಯುವ ಸೆನ್ಸರುಗಳು ದಾಳಿಂಬೆ ತೋಟಗಳಿಗೂ ಬರತೊಡಗಿವೆ. ಇವುಗಳಲ್ಲಿ ಹೆಚ್ಚಿನವು ಕಾರ್ಖಾನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಉಪಕರಣಗಳ ಜಾತಿಯವೇ.

ಇವುಗಳ ಲೆಕ್ಕ ಕೆಲವೊಮ್ಮೆ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಫೋನಿನಲ್ಲಿ ಅಂಕಿಯ ಜಾಗದಲ್ಲಿ ಒಂದು ಗೆರೆ ಅಥವಾ 0 ಕಾಣಿಸುತ್ತದೆ. ತೇವ ಸೊನ್ನೆ ಎಂದು ತಿಳಿದು ರೈತರು ನೀರು ಬಿಡುತ್ತಾರೆ. ವಾಲ್ವ್ ತಾನಾಗಿ ತೆರೆಯುವ ಏರ್ಪಾಡಿದ್ದರಂತೂ ಕೇಳುವವರೇ ಇಲ್ಲ. ಕರೆಂಟ್ ಇರುವಷ್ಟು ಹೊತ್ತೂ ನೀರು ಹರಿದು ಬಾವಿ ಬರಿದಾಗುತ್ತದೆ. ಕಾಯಿ ಬಲಿಯುವ ಕಾಲದಲ್ಲಿ ಒಣಗಿದ ನೆಲಕ್ಕೆ ಹೀಗೆ ಒಮ್ಮೆಲೇ ನೀರು ಬಿದ್ದರೆ ದಾಳಿಂಬೆ ಹಣ್ಣು ಸೀಳುತ್ತದೆ. ಇಲ್ಲಿ ತಪ್ಪಾದದ್ದು ಒಂದೇ: ಖಾಲಿಯನ್ನು ಸೊನ್ನೆ ಎಂದು ಓದಿದ್ದು.

ನಾಲ್ಕರಿಂದ ಇಪ್ಪತ್ತು

ಎರಡು ತಂತಿಯ ಸೆನ್ಸರ್ ತನ್ನ ಅಳತೆಯನ್ನು ವಿದ್ಯುತ್ ಪ್ರವಾಹದ ಪ್ರಮಾಣದಲ್ಲಿ ಹೇಳುತ್ತದೆ. ಸಾಮಾನ್ಯವಾಗಿ ಈ ಪ್ರವಾಹ 4ರಿಂದ 20 ಮಿಲಿ ಆಂಪಿಯರ್ ಇರುತ್ತದೆ. ಅತಿ ಕಡಿಮೆ ಅಳತೆಗೆ 4, ಅತಿ ಹೆಚ್ಚಿನದಕ್ಕೆ 20. ಸೊನ್ನೆ ಅಳತೆಗೆ ಸೊನ್ನೆ ಪ್ರವಾಹವನ್ನೇ ಇಡದೆ 4 ಇಟ್ಟಿರುವುದರಲ್ಲಿ ಜಾಣತನವಿದೆ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದಾಗ ಬರಿಗೈಯಲ್ಲಿ ಬಂದ ಹುಡುಗನೂ ‘ಇದ್ದೀನಿ ಸಾರ್’ ಎನ್ನುತ್ತಾನಲ್ಲವೆ? 4 ಎಂದರೆ ಹಾಗೆ. ಪ್ರವಾಹವೇ ಇಲ್ಲವೆಂದರೆ ಹುಡುಗ ಶಾಲೆಗೇ ಬಂದಿಲ್ಲ, ಅಂದರೆ ತಂತಿ ಕಡಿದಿದೆ ಅಥವಾ ಸೆನ್ಸರಿಗೆ ವಿದ್ಯುತ್ ತಲುಪುತ್ತಿಲ್ಲ.

ಫಿಲ್ಟರ್ ಬಳಿ 0ಯಿಂದ 10 ಕೆ.ಜಿ.ವರೆಗೆ ಒತ್ತಡ ಅಳೆಯುವ ಸೆನ್ಸರ್ ಇದೆ ಎಂದಿಟ್ಟುಕೊಳ್ಳಿ. ಒತ್ತಡ 2 ಕೆ.ಜಿ. ಇದ್ದಾಗ ಅದು 7.2 ಮಿಲಿ ಆಂಪಿಯರ್ ಕೊಡಬೇಕು. ಮೋಟಾರ್ ನಿಂತು ಒತ್ತಡ ಇಳಿದಾಗ 4 ಕೊಡಬೇಕು. ಸುಮಾರು 3.6ಕ್ಕಿಂತ ಕೆಳಗಿಳಿದರೆ ಅದು ಅಳತೆಯಲ್ಲ, ದೋಷವೆಂದೇ ತಿಳಿಯಬೇಕು.

ಒಂದೋ, ಎಲ್ಲವೋ?

ಲೆಕ್ಕ ನಿಂತಾಗ ಅನೇಕರು ಮೊದಲು ಸೆನ್ಸರನ್ನೇ ಕಿತ್ತು ನೋಡುತ್ತಾರೆ. ಇದು ಸರಿಯಲ್ಲ. ನಿಂತಿರುವುದು ಒಂದೇ ಸೆನ್ಸರಿನ ಲೆಕ್ಕವೋ, ಎಲ್ಲದರ ಲೆಕ್ಕವೋ ಎಂಬುದನ್ನು ಮೊದಲು ನೋಡತಕ್ಕದ್ದು. ಎಲ್ಲವೂ ಒಟ್ಟಿಗೆ ನಿಂತಿದ್ದರೆ ಸೆನ್ಸರುಗಳ ತಪ್ಪಿರುವುದು ಅಪರೂಪ. ಪೆಟ್ಟಿಗೆಯೊಳಗಿನ ಸಿಮ್ ಕಾರ್ಡಿಗೆ ಕರೆನ್ಸಿ ಮುಗಿದಿರಬಹುದು, ನೆಟ್‌ವರ್ಕ್ ಇಲ್ಲದಿರಬಹುದು, ಬ್ಯಾಟರಿ ಇಳಿದಿರಬಹುದು. ಸಿಮ್ಮಿನ ವಾಯಿದೆ ಮುಗಿದದ್ದು ಗೊತ್ತಾಗದೆ ನೂರು ರೂಪಾಯಿಯ ಕೆಲಸಕ್ಕೆ ಸಾವಿರಾರು ರೂಪಾಯಿ ದಂಡ ತೆರುವುದು ಸಾಧ್ಯ. ಆದುದರಿಂದ ವಾಯಿದೆಯ ದಿನಾಂಕವನ್ನು ಪೆಟ್ಟಿಗೆಯ ಬಾಗಿಲ ಒಳಬದಿಯಲ್ಲಿ ಬರೆದು ಅಂಟಿಸುವುದು ಒಳ್ಳೆಯದು.

ಲೆಕ್ಕ ಯಾವ ಹೊತ್ತಿನಲ್ಲಿ ತಪ್ಪುತ್ತದೆ ಎಂಬುದೂ ಬಹಳ ಹೇಳುತ್ತದೆ. ನಸುಕಿನಲ್ಲಿ ನಿಂತು, ಬಿಸಿಲೇರಿದ ಮೇಲೆ ತಾನಾಗಿ ಬಂದರೆ ಬ್ಯಾಟರಿ ಸೋತಿದೆ, ಇಲ್ಲವೆ ಸೌರ ಫಲಕದ ಮೇಲೆ ಧೂಳು ಕೂತಿದೆ. ಈ ಬಯಲು ಸೀಮೆಯ ಗಾಳಿಗೆ ಧೂಳು ಕೂರಲು ಹೆಚ್ಚು ದಿನ ಬೇಕಾಗಿಲ್ಲ; ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಸೀಸದ ಬ್ಯಾಟರಿ ವಿರಾಮದಲ್ಲಿ ಸುಮಾರು 12.7 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಅದು ಹೆಚ್ಚು ಕಡಿಮೆ ಬರಿದಾಗಿದೆ ಎಂದರ್ಥ. ಮೋಟಾರ್ ಓಡುವಾಗ ಮಾತ್ರ ಅಂಕಿಗಳು ಕುಣಿಯುತ್ತಿದ್ದರೆ ಸೆನ್ಸರ್ ತಂತಿಯನ್ನೂ ಮೋಟಾರ್ ಕೇಬಲನ್ನೂ ಒಂದೇ ಕಾಲುವೆಯಲ್ಲಿ ಹೂತಿದ್ದಾರೆಯೇ ನೋಡಿ. ಇವೆರಡನ್ನೂ ದೂರ ದೂರ ಎಳೆಯಬೇಕು. ದಾಟಲೇಬೇಕಾದ ಕಡೆ ಅಡ್ಡಲಾಗಿ ದಾಟಿಸಬೇಕು.

ತಂತಿಯ ಉದ್ದಕ್ಕೂ ನಡೆಯಿರಿ

ಒಂದೇ ಸೆನ್ಸರ್ ಖಾಲಿಯಾಗಿದ್ದರೆ ಉಪಕರಣಕ್ಕೆ ಕೈ ಹಚ್ಚುವ ಮುಂಚೆ ತಂತಿಯ ಉದ್ದಕ್ಕೂ ಒಮ್ಮೆ ನಡೆದು ನೋಡಬೇಕು. ಇಲಿ, ಅಳಿಲು ಕಚ್ಚಿರುತ್ತವೆ. ಕಳೆ ತೆಗೆಯುವಾಗ ಗುದ್ದಲಿ ತಗಲಿರುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ಜೋಡಣೆ. ತಂತಿಯನ್ನು ತಿರುಚಿ ಟೇಪ್ ಸುತ್ತಿ ಡ್ರಿಪ್ಪರ್ ಪಕ್ಕದ ಹಸಿ ಮಣ್ಣಿನಲ್ಲಿ ಹೂತರೆ ತಾಮ್ರ ಹಸಿರುಗಟ್ಟಿ ಸಂಪರ್ಕ ತಪ್ಪುತ್ತದೆ. ಜೋಡಣೆಯನ್ನು ನೆಲದಿಂದ ಮೇಲೆ, ನೀರು ಹೋಗದ ಡಬ್ಬಿಯಲ್ಲಿ ಮಾಡತಕ್ಕದ್ದು. ಕಡಿದ ತಂತಿಯನ್ನು ಸೇರಿಸುವಾಗ ಪ್ಲಸ್, ಮೈನಸ್ ಅದಲು ಬದಲಾದರೂ ಲೆಕ್ಕ ಬರುವುದಿಲ್ಲ.

ತಂತಿ ಚೆನ್ನಾಗಿದ್ದರೆ ಪೆಟ್ಟಿಗೆಯಲ್ಲಿ ತಂತಿ ಬಿಗಿದ ಸ್ಕ್ರೂಗಳನ್ನು ಬಿಗಿಮಾಡಿ, ಮಲ್ಟಿಮೀಟರಿನಿಂದ ಸೆನ್ಸರ್ ತುದಿಯಲ್ಲಿ ವೋಲ್ಟ್ ನೋಡಿ. ಅಲ್ಲಿ ಉಪಕರಣಕ್ಕೆ ಬೇಕಾದಷ್ಟು (ಮೈಮೇಲೆ ಬರೆದಿರುತ್ತದೆ) ಇಲ್ಲದಿದ್ದರೆ ದೋಷ ಸೆನ್ಸರಿನಲ್ಲಿಲ್ಲ. ಮೀಟರಿನ ಕೆಂಪು ತಂತಿಯನ್ನು ಮಿಲಿ ಆಂಪಿಯರ್ ತೂತಿಗೆ ಬದಲಾಯಿಸಿ, ಸೆನ್ಸರಿನ ಒಂದು ತಂತಿ ಬಿಚ್ಚಿ, ಆ ಸಂದಿನಲ್ಲಿ ಮೀಟರನ್ನು ಸೇರಿಸಿದರೆ ಪ್ರವಾಹ ಎಷ್ಟೆಂದು ತಿಳಿಯುತ್ತದೆ. ಮೀಟರಿನಲ್ಲಿ ಸರಿಯಾದ ಅಂಕಿ ಬಂದು ಫೋನಿನಲ್ಲಿ ಬಾರದಿದ್ದರೆ ದೋಷ ಪೆಟ್ಟಿಗೆಯದು. ಮೀಟರ್ ಇಲ್ಲದವರು ಸರಿಯಾಗಿರುವ ಅದೇ ಬಗೆಯ ಇನ್ನೊಂದು ಸೆನ್ಸರಿನ ತಂತಿಗಳನ್ನು ಈ ಜಾಗಕ್ಕೆ ಹಾಕಿ ನೋಡಬಹುದು. ಈ ಪರೀಕ್ಷೆಗಳೆಲ್ಲ ಸೆನ್ಸರ್ ಪೆಟ್ಟಿಗೆಗೆ ಮಾತ್ರ. ಮಿಲಿ ಆಂಪಿಯರಿಗೆ ತಿರುಗಿಸಿದ ಮೀಟರನ್ನು ಮೋಟಾರ್ ಸ್ಟಾರ್ಟರಿಗೆ ಮುಟ್ಟಿಸಿದರೆ ಮೀಟರ್ ಸುಡುವುದಲ್ಲದೆ ಜೀವಕ್ಕೂ ಅಪಾಯ.

ಎರೆ ಭೂಮಿಯಲ್ಲಿ ಇನ್ನೊಂದು ಮೋಸವುಂಟು. ನೆಲ ಒಣಗಿ ಬಿರುಕು ಬಿಟ್ಟಾಗ ತೇವದ ಸೆನ್ಸರಿನ ಸುತ್ತ ಗಾಳಿ ತುಂಬುತ್ತದೆ. ಆಗ ತಂತಿ, ಬ್ಯಾಟರಿ ಎಲ್ಲ ಸರಿಯಿದ್ದೂ ಬೇರಿನ ಬಳಿ ಇರುವುದಕ್ಕಿಂತ ಎಷ್ಟೋ ಕಡಿಮೆ ತೇವ ತೋರಿಸುತ್ತದೆ. ಇದು ಖಾಲಿಯಲ್ಲ, ಸುಳ್ಳು. ಸೆನ್ಸರನ್ನು ತೆಗೆದು, ಅದೇ ಮಣ್ಣನ್ನು ನೀರಿನಲ್ಲಿ ಕಲಸಿ, ಸುತ್ತ ಸಂದಿಲ್ಲದಂತೆ ಮತ್ತೆ ಹೂಳಬೇಕು.

ರಿಪೇರಿ ಆಗುವವರೆಗೆ ಏನು ಮಾಡಬೇಕು? ಡ್ರಿಪ್ಪರಿನಿಂದ ಒಂದು ಗೇಣು ಆಚೆ ಒಂದು ಗೇಣು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ ನೋಡುವ ಹಳೆಯ ಪದ್ಧತಿಯೇ ಸಾಕು. ವಾಲ್ವನ್ನು ಕೈ ನಿಯಂತ್ರಣಕ್ಕೆ ತಿರುಗಿಸಿಡಿ. ಉಪಕರಣ ಕೂರಿಸುವವರಿಗೆ ಮೊದಲೇ ಒಂದು ಮಾತು ಹೇಳಿರಬೇಕು: ಪ್ರವಾಹ 3.6ಕ್ಕಿಂತ ಕೆಳಗಿಳಿದರೆ ವಾಲ್ವ್ ತೆರೆಯಬಾರದು, ಫೋನಿಗೆ ಸೂಚನೆ ಬರಬೇಕು. ಈ ಏರ್ಪಾಡನ್ನು ಕೇಳದೆ ಹಣ ಕೊಡಬೇಡಿ.

ಪಂಚಾಯಿತಿಯ ಮಳೆಮಾಪಕ

ಇದೇ ವಿವೇಚನೆ ಊರಿನ ಮಳೆ ಲೆಕ್ಕಕ್ಕೂ ಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ಥಾಪಿಸಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಕಳುಹಿಸುವಂತೆ ರಚಿತವಾಗಿವೆ. ಒಳಗೆ ಎರಡು ಪುಟ್ಟ ಬಟ್ಟಲುಗಳು ಏತದಂತೆ ಏರಿಳಿದು, ಒಂದೊಂದು ಉರುಳಿಗೆ ಒಂದೊಂದು ಎಣಿಕೆ ಹೋಗುತ್ತದೆ. ಇದು 4ರಿಂದ 20ರ ಲೆಕ್ಕವಲ್ಲ. ಆದುದರಿಂದ ಮೇಲಿನ ಆಲಿಕೆಯಲ್ಲಿ ಎಲೆ, ಜೇಡರ ಬಲೆ ಕಟ್ಟಿಕೊಂಡರೆ ಮಳೆ ಬಂದರೂ ಉಪಕರಣ ‘0’ ಎಂದೇ ಹೇಳುತ್ತದೆ, ಖಾಲಿ ಎನ್ನುವುದಿಲ್ಲ.

ದಾಳಿಂಬೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸಿದವರಿಗೆ ಇದು ಹಣದ ಮಾತು. ಆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ತೋಟದ ನಷ್ಟ ನೋಡಿ ಅಲ್ಲ, ಹವಾಮಾನದ ಅಂಕಿಗಳನ್ನು ನೋಡಿ. ಸರ್ಕಾರಿ ಮಳೆಮಾಪಕವನ್ನು ರೈತರು ಬಿಚ್ಚಬಾರದು. ಪರೀಕ್ಷೆಗೆಂದು ನೀರನ್ನಂತೂ ಹಾಕಲೇಬಾರದು, ಅದು ಮಳೆಯೆಂದೇ ದಾಖಲಾಗುತ್ತದೆ. ಬದಲಿಗೆ ಹೊಲದ ಬಯಲಿನಲ್ಲಿ ಒಂದು ಸಾದಾ ಮಳೆಮಾಪಕ ಇಟ್ಟುಕೊಂಡು ದಿನವೂ ಬೆಳಿಗ್ಗೆ 8.30ಕ್ಕೆ ಅಳೆದು ಪುಸ್ತಕದಲ್ಲಿ ಬರೆಯಬೇಕು. ಹವಾಮಾನ ಇಲಾಖೆಯ ಮಳೆ ದಿನ ಎಣಿಕೆಯಾಗುವುದೂ ಅದೇ ಹೊತ್ತಿಗೆ. ಮಳೆ ಇಲ್ಲದ ದಿನ ‘0’ ಎಂದೂ, ಅಳೆಯಲು ಮರೆತ ದಿನ ‘ನೋಡಿಲ್ಲ’ ಎಂದೂ ಬರೆಯಿರಿ. ನಿಮ್ಮ ಮಾಪಕದಲ್ಲಿ 20 ಮಿ.ಮೀ. ಬಂದ ದಿನ ಪಂಚಾಯಿತಿ ಲೆಕ್ಕದಲ್ಲಿ 0 ಕಂಡರೆ ಅಕ್ಕಪಕ್ಕದ ಹೊಲದವರನ್ನೂ ವಿಚಾರಿಸಿ, ಏಕೆಂದರೆ ನಮ್ಮ ಸೀಮೆಯ ಮಳೆ ಎತ್ತಿನ ಒಂದು ಕೊಂಬು ನೆನೆಸಿ ಇನ್ನೊಂದನ್ನು ಬಿಡುವುದೂ ಉಂಟು. ಅವರ ಮಾತೂ ಹೊಂದಿದರೆ ದಿನಾಂಕ, ಹೊತ್ತು, ಅಳತೆ ಬರೆದು ಪಂಚಾಯಿತಿಗೂ ರೈತ ಸಂಪರ್ಕ ಕೇಂದ್ರಕ್ಕೂ ಅದೇ ವಾರ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.