ಆಥೆನ್ಸ್ ನಗರದ ಶಿಲಾಕನ್ಯೆಯರು

ಗ್ರೀಸ್ ದೇಶದ ಆಥೆನ್ಸ್ ನಗರದಲ್ಲಿ ಅಕ್ರೊಪೊಲಿಸ್ ಎಂಬ ಗುಡ್ಡವಿರುವುದು. ಅದರ ಮೇಲಿನ ಎರೆಕ್ಥಿಯಮ್ ದೇವಾಲಯದ ದಕ್ಷಿಣ ಮಂಟಪದಲ್ಲಿ, ಕಂಬಗಳಿಗೆ ಬದಲಾಗಿ ಆರು ಮಂದಿ ಅಮೃತಶಿಲೆಯ ಕನ್ಯೆಯರು ಮಾಡನ್ನು ತಲೆಯ ಮೇಲೆ ಹೊತ್ತು ನಿಂತಿದ್ದರು. ಕ್ರಿ. ಪೂ. 5ನೆಯ ಶತಮಾನದ ಕೊನೆಯಲ್ಲಿ ಕೆತ್ತಿದ ಪ್ರತಿಮೆಗಳಿವು. ಒಬ್ಬಳನ್ನು 19ನೆಯ ಶತಮಾನದ ಆದಿಯಲ್ಲಿ ಲಾರ್ಡ್ ಎಲ್ಗಿನ್ ಎಂಬವನು ಇಂಗ್ಲೆಂಡಿಗೆ ಸಾಗಿಸಿದನು. ಉಳಿದ ಐವರು, ಎರಡು ಸಾವಿರ ವರ್ಷಗಳಿಗೂ ಮಿಕ್ಕಿದ ಬಿಸಿಲುಮಳೆಗಳನ್ನು ತಾಳಿದವರು, 20ನೆಯ ಶತಮಾನದ ಹೊಗೆಯನ್ನು ತಾಳಲಾರದೆ ಹೋದರು.

ಇದೇಕೆಂದರೆ, ಹೆಸರು ಅಮೃತಶಿಲೆಯಾದರೂ ಅದು ಮೂಲತಃ ಸುಣ್ಣದ ಕಲ್ಲೇ, ಹುಳಿಗೆ ಸೋಲುವಂಥದು. ಅಂಥ ನೆಲದ ಮೇಲೆ ನಿಂಬೆಯ ರಸ ಬಿದ್ದರೆ ಹೊಳಪು ಅಳಿಯುವುದನ್ನು ನಮ್ಮ ಗೃಹಿಣಿಯರು ಕಂಡಿರಬಹುದು. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಉರಿಸುವಾಗ ಅವುಗಳಲ್ಲಿರುವ ಗಂಧಕವು ಅನಿಲವಾಗಿ ಹೊರಟು, ಗಾಳಿಯ ತೇವದೊಡನೆ ಕೂಡಿ ಗಂಧಕಾಮ್ಲವಾಗುವುದು. ಅದು ತಗಲಿದ ಕಲ್ಲಿನ ಮೈ ಕ್ರಮೇಣ ಜಿಪ್ಸಮ್ ಆಗಿ ಮಾರ್ಪಡುವುದು. ಜಿಪ್ಸಮ್ ನಮಗೆ ಅಪರಿಚಿತವಲ್ಲ. ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆಯುವ ಸೀಮೆಸುಣ್ಣದ ಕಡ್ಡಿಗಳನ್ನು ಹೆಚ್ಚಾಗಿ ಅದರಿಂದಲೇ ಮಾಡುವರು. ಉಗುರಿನಿಂದ ಗೀರಬಹುದಾದಷ್ಟು ಅದು ಮೃದು. ನೀರಿನಲ್ಲಿ ಅಮೃತಶಿಲೆಗಿಂತ ಬಹು ಬೇಗನೆ ಕರಗತಕ್ಕದ್ದು. ಮೇಲಾಗಿ, ತಾನು ಹುಟ್ಟಿದ ಕಲ್ಲಿಗಿಂತ ಸುಮಾರು ಎರಡರಷ್ಟು ಸ್ಥಳವನ್ನು ಬೇಡುವುದರಿಂದ ಹೊಪ್ಪಳಿಕೆಯೆದ್ದು ಉದುರುವುದು.

ಮಳೆ ಬೀಳುವ ಕಡೆಯಲ್ಲಿ ಈ ಪದರವು ತೊಳೆದುಹೋಗಿ ಕಲ್ಲು ಬೆಳ್ಳಗೆ ಕಾಣುವುದು. ನೋಡಿದವರು ಎಷ್ಟು ಶುಭ್ರವೆಂದು ಮೆಚ್ಚಬಹುದು. ಆದರೆ ಆ ಬಿಳುಪು ನಷ್ಟದ ಗುರುತು, ಶಿಲ್ಪಿಯ ಉಳಿಯ ಕೆಲಸವೇ ನೀರಿನೊಡನೆ ಹರಿದುಹೋಗಿರುವುದು. ಕನ್ಯೆಯರ ಮುಖಗಳು ಬಹಳವಾಗಿ ಸವೆದಿವೆ. ಬೆನ್ನಿನ ಮೇಲಿನ ದಪ್ಪ ಜಡೆಗಳಾದರೋ, ಮಾಡಿನ ಮರೆಯಲ್ಲಿದ್ದುದರಿಂದ, ಹೆಣಿಗೆಯನ್ನು ಗುರುತಿಸುವಷ್ಟು ಚೆನ್ನಾಗಿ ಉಳಿದಿವೆ.

ನೀರು ತಾಗದ ಮಡಿಕೆಗಳಲ್ಲಿ ಜಿಪ್ಸಮ್ ಕರಗದೆ ನಿಂತು, ಹೊಗೆಯ ಮಸಿಯನ್ನು ಹಿಡಿದು ಕರಿಯ ಹೊದಿಕೆಯಾಗುವುದು. ಅದನ್ನು ಉಜ್ಜಿ ತೆಗೆಯಬಾರದೇ ಎಂದು ವಾಚಕರು ಕೇಳಬಹುದು. ಹಾಗೆ ಮಾಡಿದರೆ ಕೇಡು. ಏಕೆಂದರೆ ಮಸಿಯ ಅಡಿಯಲ್ಲಿ ಕಲ್ಲೇ ಜಿಪ್ಸಮ್ ಆಗಿ ಮಾರ್ಪಟ್ಟ ತೆಳುವಾದ ಪದರವಿರುವುದು. ಶಿಲ್ಪದ ಸೂಕ್ಷ್ಮ ರೇಖೆಗಳು ಅನೇಕ ಕಡೆಗಳಲ್ಲಿ ಅದರಲ್ಲಿಯೇ ಉಳಿದಿರುವುವು. ಕೊಳೆಯನ್ನು ಬಿಡಿಸಬೇಕು, ಈ ಪದರವನ್ನು ಬಿಡಬೇಕು. ಬಟ್ಟೆಬ್ರಷ್ಷುಗಳ ಕೈಯಲ್ಲಿ ಆಗುವ ಕೆಲಸವಲ್ಲ.

ಆದಕಾರಣ 1979ರಲ್ಲಿ ಐವರನ್ನೂ ಮಂಟಪದಿಂದ ಇಳಿಸಿ ವಸ್ತುಸಂಗ್ರಹಾಲಯಕ್ಕೆ ಸೇರಿಸಿದರು. 2009ರಲ್ಲಿ ತೆರೆದ ಹೊಸ ಸಂಗ್ರಹಾಲಯದಲ್ಲಿ, ಬಂದವರೆಲ್ಲರ ಕಣ್ಣೆದುರಿಗೇ, ಲೇಸರ್ ಕಿರಣಗಳಿಂದ ಅವರ ಮಸಿಯನ್ನು ಬಿಡಿಸುವ ಕಾರ್ಯವು ನಡೆದು 2014ರಲ್ಲಿ ಮುಗಿಯಿತು. ಈಗ ಗುಡ್ಡದ ಮೇಲೆ ಮಾಡನ್ನು ಹೊತ್ತಿರುವವರು ಪ್ರತಿಕೃತಿಗಳು.